ಎರಡು ಕ್ಲಾಸಿನ ನಡುವಿನ ಆರು ದಿನ

ಬ್ಯಾಡಗಿಯ ನಮ್ಮ ಅಕ್ಕನ ಮನೆಗೆ ಸಂಜೆ ಐದೂವರೆಗೆ ಹೋದರೆ ಪಡಸಾಲೆಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಟೀಪಾಯಿ ಗೋಡೆಗೆ ಒರಗಿರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಏರಿ ಕೂತಿರುತ್ತವೆ. ಜಮಖಾನೆ ಸುತ್ತಿಕೊಂಡು ಮೂಲೆ ಸೇರಿರುತ್ತದೆ. ಎಂಟನೇ ಕ್ಲಾಸು ಓದುತ್ತಿರುವ ಅಕ್ಕನ ಮಗಳು ದುಪಟ್ಟಾ ಸೊಂಟಕ್ಕೆ ಬಿಗಿದು, ಅರೆಮಂಡಿಯಲ್ಲಿ ನಿಂತು ತಟ್ಟಡವು ಹಾಕುತ್ತಿರುತ್ತಾಳೆ. ಬಾಯಲ್ಲಿ 'ತೈಯ ತೈ', ಕಾಲಲ್ಲಿ ಪಟ್ ಪಟ್. ಅವಳ ಭರತನಾಟ್ಯದ ಕ್ಲಾಸು ಇರುವುದು ಹಾವೇರಿಯಲ್ಲಿ, ಭಾನುವಾರ ಮಾತ್ರ. ಉಳಿದ ಆರು ದಿನ ಅವಳಿಗೆ ಪಡಸಾಲೆಯೇ ಕ್ಲಾಸು, ಮೊಬೈಲೇ ಮೇಡಂ.

ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿದ್ದಾಗ ಒಂದು ಸಣ್ಣ ಸಂಗತಿ ನಡೆಯಿತು. ಹುಡುಗಿ ಅಭ್ಯಾಸ ಶುರು ಮಾಡಿದ ಕೂಡಲೇ ಒಳಗಿನಿಂದ ಅಜ್ಜಿ ಕೂಗಿದರು: "ಕಿಟಕಿ ಹಾಕವಾ ಮೊದಲ. ಓಣಿ ಮಂದಿ ಕೇಳತಾರ."

ಹುಡುಗಿ ಅಂದುಕೊಂಡಿದ್ದು ಸದ್ದಿನ ವಿಷಯ ಅಂತ. "ಅಜ್ಜಿ, ನಾ ಗೆಜ್ಜಿ ಕಟ್ಟೇ ಇಲ್ಲ" ಅಂದಳು. ಅಜ್ಜಿ ಬಿಡಲಿಲ್ಲ. "ಗೆಜ್ಜಿ ಕಟ್ಟಿದರೇನು ಬಿಟ್ಟರೇನು, ಮನಿಯಾಗ ಹೆಣ್ಣುಮಕ್ಕಳು ಕುಣಿಯೋ ಸದ್ದು ಹೊರಗ ಹೋಗಬಾರದು." ಹುಡುಗಿ ನನ್ನ ಮುಖ ನೋಡಿದಳು. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದೇ ಅಜ್ಜಿ ದೊಡ್ಡಾಟ ಅಂದರೆ ರಾತ್ರಿಯಿಡೀ ಎಚ್ಚರ ಕೂರುವವರು. ವೀರಭದ್ರನ ಗುಡಿ ಮುಂದೆ ಪುರವಂತರು ಕುಣಿದರೆ ಕೈ ಮುಗಿಯುವವರು. ಕುಣಿತದ ಬಗ್ಗೆ ಅವರಿಗೆ ಬೇಸರವೇನೂ ಇಲ್ಲ. ಮನೆಯ ಒಳಗಿನ ಕುಣಿತದ ಬಗ್ಗೆ ಮಾತ್ರ ಅವರಿಗೆ ಅಂಜಿಕೆ.

ಈ ಅಂಜಿಕೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಸಿಕ್ಕ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ. ನೃತ್ಯದ ಇತಿಹಾಸ ಎಂದರೆ ಸಾಮಾನ್ಯವಾಗಿ ವೇದಿಕೆಯ ಇತಿಹಾಸ, ಗುರುಗಳ ಇತಿಹಾಸ. ಇದು ಅಭ್ಯಾಸದ ಜಾಗದ ಇತಿಹಾಸ.

ಗುಡಿಯ ರಂಗ, ಹಿಂದಿನ ಓಣಿ

ಹಾವೇರಿಗೆ ಹೋದವರು ಪುರದ ಸಿದ್ಧೇಶ್ವರ ಗುಡಿ ನೋಡಿರುತ್ತೀರಿ. ಹನ್ನೆರಡನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ ಪೂರ್ವ ಬಿಟ್ಟು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಬಳಪದ ಕಲ್ಲಿನ ಕಂಬಗಳು ಈಗಲೂ ಹೊಳೆಯುತ್ತವೆ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ಇದೆ. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ತಲೆ ಎತ್ತಿದರೆ ಕಲ್ಲಿನಲ್ಲಿ ಅರಳಿದ ದೊಡ್ಡ ಕಮಲ ಕಾಣುತ್ತದೆ. ಈ ಕಾಲದ ಗುಡಿಗಳಲ್ಲಿ ಗರ್ಭಗುಡಿಯ ಮುಂದಿನ ಕಂಬಗಳ ಜಾಗಕ್ಕೆ ರಂಗಮಂಟಪ, ನವರಂಗ ಎಂದೇ ಹೆಸರು. ಹಾಡು, ವಾದ್ಯ, ನೃತ್ಯ ದೇವರ ನಿತ್ಯಸೇವೆಯ ಭಾಗವಾಗಿದ್ದವು. ಆ ಕಾಲದ ಶಾಸನಗಳಲ್ಲಿ ದೇವರ 'ಅಂಗಭೋಗ, ರಂಗಭೋಗ'ಕ್ಕೆ ಬಿಟ್ಟ ಭೂಮಿಯ ಮಾತು ಮತ್ತೆ ಮತ್ತೆ ಬರುತ್ತದೆ. ಅಂಗಭೋಗ ಎಂದರೆ ಅಭಿಷೇಕ, ಅಲಂಕಾರ, ನೈವೇದ್ಯ. ರಂಗಭೋಗ ಎಂದರೆ ಹಾಡು ಕುಣಿತ. ನರ್ತಕಿಯರನ್ನು ಶಾಸನಗಳು 'ಪಾತ್ರ' ಎಂದು ಕರೆಯುತ್ತವೆ.

ಅದೇ ರಾಜವಂಶದ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆದ. ಅಡುಗೆಯಿಂದ ಆನೆ ಪಳಗಿಸುವವರೆಗೆ ಎಲ್ಲವೂ ಇರುವ ಆ ಸಂಸ್ಕೃತ ಗ್ರಂಥದಲ್ಲಿ 'ನೃತ್ಯವಿನೋದ' ಎಂಬ ಅಧ್ಯಾಯವೇ ಇದೆ. ಕುಣಿಯುವವರಲ್ಲಿ ಆರು ಬಗೆ ಎನ್ನುತ್ತಾನೆ ಸೋಮೇಶ್ವರ: ನಟ, ನರ್ತಕ, ನರ್ತಕಿ, ವೈತಾಳಿಕ, ಚಾರಣ, ಕೊಲ್ಲಾಟಿಕ. ದೇಹದ ಯಾವ ಅಂಗ ಹೇಗೆ ಚಲಿಸಬೇಕು ಎಂಬುದನ್ನೂ ವಿವರಿಸುತ್ತಾನೆ. ಅದಕ್ಕೂ ಎಷ್ಟೋ ಹಿಂದಿನ ನಾಟ್ಯಶಾಸ್ತ್ರದಲ್ಲಿ ನರ್ತಿಸುವವರು ಮಾಡಬೇಕಾದ ವ್ಯಾಯಾಮ, ಮೈಗೆ ಎಣ್ಣೆ ತಿಕ್ಕಿಕೊಳ್ಳುವುದು, ನೆಲದ ಮೇಲಿನ ಸಾಧನೆ ಇವುಗಳ ಮಾತಿದೆ. ಅಂದರೆ ದಿನವೂ ಮಾಡಬೇಕಾದ ಅಭ್ಯಾಸ ಶಾಸ್ತ್ರದ ಹೊರಗಿನ ಸಂಗತಿಯಾಗಿರಲಿಲ್ಲ.

ಆದರೆ ಗುಡಿಯ ರಂಗ ಸೇವೆಯ ಜಾಗ. ದಿನವೂ ಬೆವರು ಹರಿಸಿ, ತಪ್ಪು ಮಾಡಿ, ತಿದ್ದಿಕೊಳ್ಳುವ ಜಾಗ ಮನೆ. ಈ ವಿದ್ಯೆ ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು. ಈ ಹೆಣ್ಣುಮಕ್ಕಳ ವಂಶ ತಾಯಿಯ ಕಡೆಯಿಂದ ಲೆಕ್ಕವಾಗುತ್ತಿತ್ತು ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಬಾದಾಮಿ ಹತ್ತಿರದ ಮಹಾಕೂಟದಲ್ಲಿದೆ. ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಎಂಬವಳು ಎಂಟನೇ ಶತಮಾನದ ಹೊತ್ತಿಗೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಳು. ಶಾಸನ ಅವಳನ್ನು ಸೂಳೆ ಎಂದು ಯಾವ ಮುಜುಗರವೂ ಇಲ್ಲದೆ ಕರೆಯುತ್ತದೆ. ಅಜ್ಜಿ ರೇವಮಂಚಿ, ತಾಯಿ ಕುಚಿಪೋಟಿ ಎಂದು ಅವಳ ಹಿರಿಯರ ಹೆಸರು ಹೇಳುತ್ತದೆ. ಅಪ್ಪನ ಹೆಸರು ಅಲ್ಲಿ ಬೇಕಾಗಿಲ್ಲ. ಇಂದು ಬೈಗುಳವಾಗಿರುವ ಆ ಪದ ಅಂದು ದಾನಶಾಸನದ ಕಲ್ಲಿನ ಮೇಲೆ ಬರೆಯಬಹುದಾದ ಪದವಾಗಿತ್ತು. ಹಾಗೆಂದು ಅವರ ಬದುಕು ಸುಖದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ದೇವರ ಹೆಸರಿನಲ್ಲಿ, ಅರಸರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಳಸಿಕೊಂಡ ವ್ಯವಸ್ಥೆ ಅದು. ಹೇಳಬೇಕಾದದ್ದು ಇಷ್ಟೇ: ಆ ಮನೆಗಳು ಶಾಲೆಗಳೂ ಆಗಿದ್ದವು. ಆ ಪಡಸಾಲೆಗಳಲ್ಲೇ ನಮ್ಮ ನಾಡಿನ ನೃತ್ಯ ದಿನವೂ ಉಸಿರಾಡುತ್ತಿತ್ತು.

ಗಂಡಸರ ತಾಲೀಮು, ಊರ ನಡುವೆ

ಈಗ ಅದೇ ಊರುಗಳ ಇನ್ನೊಂದು ಕುಣಿತದ ಕಡೆ ಬರೋಣ. ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು, ಒಂದಿಷ್ಟು ಬಿಡುವು ಸಿಕ್ಕ ಮೇಲೆ ನಮ್ಮ ಹಳ್ಳಿಗಳಲ್ಲಿ ದೊಡ್ಡಾಟದ ಮಾತು ಏಳುತ್ತಿತ್ತು. ಮಾಸ್ತರರನ್ನು ಗೊತ್ತು ಮಾಡಿ ಕರೆಸುತ್ತಿದ್ದರು. ಎರಡು ಮೂರು ತಿಂಗಳು ಗುಡಿಯಲ್ಲೋ ಚಾವಡಿಯಲ್ಲೋ ರಾತ್ರಿ ತಾಲೀಮು. ಮದ್ದಳೆ, ತಾಳದ ಜತೆ ಹೆಜ್ಜೆ, ಪದ, ಮಾತು ಎಲ್ಲವನ್ನೂ ಮಾಸ್ತರರು ಬಾಯಿಪಾಠ ಮಾಡಿಸುತ್ತಿದ್ದರು. ಪಾತ್ರಧಾರಿಗಳಲ್ಲಿ ಓದು ಬರುವವರು ಕಡಿಮೆ. ಹಗಲು ಹೊಲ, ರಾತ್ರಿ ತಾಲೀಮು.

ಈ ಎರಡು ತಾಲೀಮುಗಳ ನಡುವಿನ ಹಗಲಿನಲ್ಲೇ ಪಾತ್ರ ಗಟ್ಟಿಯಾಗುತ್ತಿತ್ತು. ನೇಗಿಲ ಹಿಂದೆ ನಡೆಯುತ್ತ ಭೀಮನ ಮಾತು ಒದರಿ ಎತ್ತುಗಳನ್ನು ಬೆದರಿಸಿದವರ ಕತೆ ಊರಿಗೊಂದು ಇದ್ದೇ ಇರುತ್ತದೆ. ಕಣದಲ್ಲಿ ಹೆಜ್ಜೆ ಹಾಕುವವರು, ಬಾವಿ ದಂಡೆಯ ಮೇಲೆ ಪದ ಎತ್ತುವವರು. ಹೆಣ್ಣು ಪಾತ್ರ ವಹಿಸಿದ ಗಂಡಸು ಮನೆಯ ಅಂಗಳದಲ್ಲಿ ಸೆರಗು ಹಾಕಿಕೊಂಡು ನಡಿಗೆ ರೂಢಿ ಮಾಡಿಕೊಂಡರೆ ಹೆಂಡತಿ ನಗುತ್ತಿದ್ದಳೇ ಹೊರತು ಯಾರೂ ಕಿಟಕಿ ಹಾಕುತ್ತಿರಲಿಲ್ಲ. ಊರಿನವರಿಗೆಲ್ಲ ಆಟ ನೋಡುವ ಮೊದಲೇ ಅರ್ಧ ಆಟ ಬಾಯಿಗೆ ಬಂದಿರುತ್ತಿತ್ತು.

ಪುರವಂತರ ಕುಣಿತವೂ ಹೀಗೆಯೇ. ವೀರಭದ್ರನ ಒಡಪು ಹೇಳುವ ಧಾಟಿ, ಕತ್ತಿ ಹಿಡಿದು ಹಾಕುವ ಹೆಜ್ಜೆ ಹುಡುಗರಿಗೆ ಹಿರಿಯರ ಬೆನ್ನ ಹಿಂದೆ ನಿಂತೇ ಬರುತ್ತವೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದ ಮೈಲಾರಲಿಂಗನ ಗೊರವರು ಕಂಬಳಿ, ಡಮರು, ಕೊಳಲು ಹಿಡಿದು ಕುಣಿಯುತ್ತಾರೆ. ಪ್ರತಿ ವರ್ಷ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲು ಏರಿ ನುಡಿಯುವ ಕಾರಣಿಕ ಕೇಳಲು ಇಡೀ ಜಿಲ್ಲೆ ಅಲ್ಲಿ ಸೇರುತ್ತದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಶುರುವಾದಾಗ ಅಧ್ಯಯನಕ್ಕೆ ಇಂಥ ಜೀವಂತ ಕಲೆಗಳು ಸುತ್ತಲೇ ಇದ್ದವು.

ಹೆಂಗಸರು ಬಯಲಿನಲ್ಲಿ ಕುಣಿಯಲೇ ಇಲ್ಲ ಎಂದಲ್ಲ. ನಮ್ಮ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ದೀಪಾವಳಿ ಬಂತೆಂದರೆ ಹೆಣ್ಣುಮಕ್ಕಳು ಸುತ್ತುಗಟ್ಟಿ ಹಾಡಿ ಕುಣಿಯುತ್ತಾರೆ. ಅಲ್ಲಿಯೂ ಕುಣಿತ ಎಲ್ಲರ ಎದುರಿನದು, ಎಲ್ಲರದು.

ಇವೆಲ್ಲಕ್ಕೂ ಒಂದು ಸಾಮ್ಯವಿದೆ. ಇವುಗಳ ಅಭ್ಯಾಸದ ಜಾಗವನ್ನು ಯಾರೂ ಮುಚ್ಚಲಿಲ್ಲ. ಗುಡಿ ಕಟ್ಟೆ, ಚಾವಡಿ, ಕಣ, ತಾಂಡಾದ ಅಂಗಳ ತೆರೆದೇ ಇದ್ದವು. ಹಾಗಾಗಿ ಬರಗಾಲ, ಸಿನಿಮಾ, ಟಿವಿ ಎಲ್ಲ ಬಂದರೂ ಹೆಜ್ಜೆಗಳು ಅಷ್ಟಿಷ್ಟಾದರೂ ಉಳಿದವು.

ಬಾಗಿಲು ಹಾಕಿದ ಕಾಲ

ಮನೆಯೊಳಗಿನ ಕುಣಿತಕ್ಕೆ ಆ ಅದೃಷ್ಟ ಇರಲಿಲ್ಲ. ಅರಸೊತ್ತಿಗೆಗಳು ಕುಸಿದು, ಗುಡಿಗಳ ಉಂಬಳಿ ಕರಗಿ, ಪಾತ್ರದವರ ಮನೆಗಳಿಗೆ ಬದುಕುವ ದಾರಿಗಳು ಕಡಿಮೆಯಾದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮದ್ರಾಸಿನಲ್ಲಿ ಇಂಗ್ಲಿಷ್ ಓದಿದವರು, ಮಿಷನರಿಗಳು, ಸುಧಾರಕರು ಸೇರಿ ನಾಚ್ ವಿರೋಧಿ ಚಳವಳಿ ಶುರು ಮಾಡಿದರು. ದೊಡ್ಡವರ ಮನೆಯ ಮದುವೆ, ಸರಕಾರಿ ಸಮಾರಂಭಗಳಲ್ಲಿ ನರ್ತಕಿಯರನ್ನು ಕುಣಿಸುವುದು ಬೇಡ ಎಂಬುದು ಅವರ ವಾದ. 1909ರಲ್ಲಿ ಮೈಸೂರು ಸರಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಬೈ ಪ್ರಾಂತದಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂದದ್ದು 1934ರಲ್ಲಿ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಅಪರಾಧವಾಯಿತು. ಬಿಟ್ಟವರ ಮದುವೆ ಕಾನೂನುಬದ್ಧವಾಯಿತು. ಮುಂದೆ ಕರ್ನಾಟಕವೂ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತಂದಿತು.

ಈ ಕಾನೂನುಗಳು ಬೇಕಿದ್ದವು. ಎಳೆಯ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ ಅವಳ ಬದುಕನ್ನು ಊರ ದೊಡ್ಡವರಿಗೆ ಒಪ್ಪಿಸುವ ಪದ್ಧತಿಗೆ ಯಾವ ಕಲೆಯ ಹೆಸರಿನಲ್ಲೂ ಸಮರ್ಥನೆ ಇಲ್ಲ. ಉತ್ತರ ಕರ್ನಾಟಕದಲ್ಲಿ ಅದರ ಭಾರ ಹೊತ್ತವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಅವರಲ್ಲಿ ಎಷ್ಟೋ ಮಂದಿಗೆ ಗುಡಿಯ ರಂಗವೂ ಸಿಗಲಿಲ್ಲ, ಗೆಜ್ಜೆಯೂ ಸಿಗಲಿಲ್ಲ. ಸಿಕ್ಕದ್ದು ಶೋಷಣೆ ಮಾತ್ರ.

ಆದರೆ ಕಾನೂನಿನ ಜತೆ ಇನ್ನೊಂದು ಸಂಗತಿ ಬಂತು. ಅದು ನಾಚಿಕೆ. ಮನೆಯಲ್ಲಿ ಗೆಜ್ಜೆ ಸದ್ದು ಕೇಳಿದರೆ 'ಅಂಥವರ ಮನೆ' ಎಂಬ ಮಾತು. ನಾಚಿಕೆಪಡಬೇಕಾದವರು ಆ ಮನೆಗಳಿಗೆ ಹೋಗಿ ಬಂದ ಗಂಡಸರು. ನಾಚಿಕೆ ಹೊತ್ತವರು ಮನೆಯೊಳಗಿದ್ದ ಹೆಂಗಸರು. ಮಕ್ಕಳನ್ನು ಆ ಹೆಸರಿನಿಂದ ಬಿಡಿಸಬೇಕಾದರೆ ಮೊದಲು ಅಭ್ಯಾಸ ನಿಲ್ಲಿಸಬೇಕು. ಗೆಜ್ಜೆ ಪೆಟ್ಟಿಗೆ ಸೇರಿದವು. ಬೇರೆ ಜಾತಿಯ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕುಣಿತ ಕಲಿಸುವ ಮಾತೇ ಬರಲಿಲ್ಲ. ಅಭ್ಯಾಸ ನಿಂತ ಮೇಲೆ ಒಂದು ತಲೆಮಾರು ಸಾಕು, ಹೆಜ್ಜೆ ಮರೆಯಲು. ಹಾವೇರಿಯ, ಹಾನಗಲ್ಲಿನ ರಂಗಮಂಟಪದಲ್ಲಿ ಹೆಜ್ಜೆ ಹಾಕಿದವರ ಅಡವು ಯಾವುದಿತ್ತು ಎಂದು ಹೇಳಬಲ್ಲ ಮನೆ ಇಂದು ನಮ್ಮ ನಡುವೆ ಇಲ್ಲ. ಕಲ್ಲಿನ ರಂಗ ಗಟ್ಟಿಯಾಗಿ ನಿಂತಿದೆ. ಹೋದದ್ದು ಹಿಂದಿನ ಓಣಿಯ ಪಡಸಾಲೆ.

ಅಜ್ಜಿ "ಕಿಟಕಿ ಹಾಕು" ಅಂದದ್ದು ಆ ಕಾಲದ ಮಾತು. ಅದನ್ನು ಅವರು ಕಟ್ಟಿದ್ದಲ್ಲ, ಅವರ ತಾಯಿಯಿಂದ ಕೇಳಿದ್ದು.

ಇದೇ ಹಳಿಯ ಮೇಲಿನ ಒಂದು ರೈಲು

ಬಾಗಿಲು ಹಾಕಿದ ಆ ಕಾಲದಲ್ಲೂ ಅಭ್ಯಾಸ ಬಿಡದ ಒಂದು ಮನೆಯ ಕತೆ ನಮಗೆ ಚೆನ್ನಾಗಿ ಗೊತ್ತಿದೆ. ಅದು ನೃತ್ಯದ ಕತೆಯಲ್ಲ, ಹಾಡಿನದು. ಆದರೆ ಅದೇ ಓಣಿಯ, ಅದೇ ನಾಚಿಕೆಯ ಕತೆ.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. ಹೆಸರಿನಲ್ಲಿರುವ ಹಾನಗಲ್ಲು ನಮ್ಮ ಜಿಲ್ಲೆಯ ತಾಲೂಕು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಮನಸ್ಸು ಹಿಂದೂಸ್ತಾನಿ ಕಡೆ ವಾಲಿದಾಗ, ಅವಳ ಅಭ್ಯಾಸಕ್ಕೆ ತೊಡಕಾಗಬಾರದೆಂದು ತಾಯಿ ತಮ್ಮ ಹಾಡನ್ನೇ ಬಿಟ್ಟುಕೊಟ್ಟರು. ಒಂದೇ ಮನೆಯಲ್ಲಿ ಎರಡು ಪದ್ಧತಿಯ ಸ್ವರ ಬೆರೆತರೆ ಎಳೆಯ ಕಿವಿಗೆ ಗೊಂದಲ ಎಂಬುದು ಅವರ ಲೆಕ್ಕ. ಮಗಳ ಅಭ್ಯಾಸಕ್ಕೆ ಮನೆಯಲ್ಲಿ ಜಾಗ ಮಾಡಿಕೊಡುವುದು ಎಂದರೆ ಕುರ್ಚಿ ಸರಿಸುವುದಷ್ಟೇ ಅಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಸ್ವಾಗತಗೀತೆ ಹಾಡಿದರು. ಹಾಡಿದ ಸಂತೋಷದ ಜತೆಗೆ, ಊಟದ ಹೊತ್ತಿಗೆ ತನ್ನನ್ನು ಎಲ್ಲಿ ಬೇರೆ ಕೂರಿಸುತ್ತಾರೋ ಎಂಬ ಭಯವಿತ್ತು ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಬೀದಿಯಲ್ಲಿ ನಡೆದರೆ 'ಗಾನೇವಾಲಿ' ಎಂದು ಜನ ಹಂಗಿಸುತ್ತಿದ್ದುದನ್ನೂ ಹೇಳಿದ್ದಾರೆ.

ಅವರ ಗುರು ಸವಾಯಿ ಗಂಧರ್ವರು ಕುಂದಗೋಳದವರು. ಗಂಗೂಬಾಯಿ ಇದ್ದದ್ದು ಹುಬ್ಬಳ್ಳಿಯಲ್ಲಿ. ಗುರುಗಳ ಮನೆಯಲ್ಲೇ ಇದ್ದು ಕಲಿಯುತ್ತಿದ್ದವರು ಹುಡುಗ ಭೀಮಸೇನ ಜೋಶಿ. ನೀರು ಹೊತ್ತು, ಮನೆಗೆಲಸ ಮಾಡಿ, ಗುರುಗಳ ದನಿ ಹಗಲೂ ರಾತ್ರಿ ಕಿವಿಗೆ ಬೀಳುವಂತೆ ಕಲಿತರು. ಸಂಸಾರವಿದ್ದ ಗಂಗೂಬಾಯಿಗೆ ಆ ದಾರಿ ಇರಲಿಲ್ಲ. ಅವರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳದಲ್ಲಿ ಇಳಿದು, ಪಾಠ ಮುಗಿಸಿ ರೈಲಿನಲ್ಲೇ ಹಿಂದಿರುಗುತ್ತಿದ್ದರು. ಒಂದು ಪಾಠಕ್ಕೂ ಇನ್ನೊಂದು ಪಾಠಕ್ಕೂ ನಡುವೆ ಮನೆ, ಮಕ್ಕಳು, ಅಡುಗೆ, ಅದರ ನಡುವೆ ರಿಯಾಜು. ಹೇಳಿಕೊಟ್ಟ ಒಂದು ಪಲ್ಟಾವನ್ನು ಗಂಟೆಗಟ್ಟಲೆ ತಿರುವಿ ಹಾಕಿ ಗಟ್ಟಿ ಮಾಡಿಕೊಳ್ಳುವ ಕೆಲಸ ನಡೆಯುತ್ತಿದ್ದುದು ಗುರುವಿನ ಎದುರಲ್ಲಷ್ಟೇ ಅಲ್ಲ, ಹುಬ್ಬಳ್ಳಿಯ ಮನೆಯಲ್ಲಿ.

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗುವ ಆ ಹಳಿ ಅಲ್ಲಿಗೇ ನಿಲ್ಲುವುದಿಲ್ಲ. ಯಲವಿಗಿ ದಾಟಿ ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಎಂದು ಮುಂದೆ ಹರಿಹರಕ್ಕೆ ಹೋಗುತ್ತದೆ. ನಮ್ಮ ಹುಡುಗಿ ಭಾನುವಾರ ಕೆಲವೊಮ್ಮೆ ಬಸ್ಸು ಬಿಟ್ಟು ರೈಲು ಹತ್ತಿದರೆ ಅದೇ ಹಳಿಯ ಮೇಲೆ ಹೋಗುತ್ತಾಳೆ.

ತಂಜಾವೂರಿನಿಂದ ಪಡಸಾಲೆಗೆ

ಹಾಗಾದರೆ ಈ ಹುಡುಗಿ ಕಲಿಯುತ್ತಿರುವ ಹೆಜ್ಜೆ ಎಲ್ಲಿಯದು? ನಮ್ಮೂರಿನದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, ಅಡವುಗಳನ್ನೂ ಕಾರ್ಯಕ್ರಮದ ಕ್ರಮವನ್ನೂ ಒಪ್ಪ ಮಾಡಿದರು. ಅವರಲ್ಲಿ ಚಿನ್ನಯ್ಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1935ರಲ್ಲಿ ರುಕ್ಮಿಣೀದೇವಿ ಮದ್ರಾಸಿನಲ್ಲಿ ವೇದಿಕೆ ಏರಿ, ಮರುವರ್ಷ ಕಲಾಕ್ಷೇತ್ರ ಶುರು ಮಾಡಿದ ಮೇಲೆ ಮೇಲ್ಜಾತಿಯ, ಓದಿದ ಮನೆಗಳ ಹುಡುಗಿಯರು ಭರತನಾಟ್ಯ ಕಲಿಯತೊಡಗಿದರು. ಕಾಲ ಗಮನಿಸಿ: ನಮ್ಮ ಕಡೆ ಕಾನೂನು ಬಂದ ಮರುವರ್ಷವೇ ಅತ್ತ ಹೊಸ ಬಾಗಿಲು ತೆರೆಯಿತು. ಒಂದು ಬಗೆಯ ಮನೆಯಲ್ಲಿ ಗೆಜ್ಜೆ ಬಿಚ್ಚಿಡಬೇಕಾದಾಗ ಇನ್ನೊಂದು ಬಗೆಯ ಮನೆಯಲ್ಲಿ ಗೆಜ್ಜೆ ಕಟ್ಟುವುದು ಗೌರವವಾಯಿತು.

ಮೈಸೂರಿನಲ್ಲಿ ಮಾತ್ರ ಹಳೆಯ ಮನೆಯಿಂದ ಹೊಸ ಶಾಲೆಗೆ ಒಂದು ಸೇತುವೆ ಉಳಿಯಿತು. ಕಡೂರು ಸೀಮೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷ್ಮಮ್ಮ ಎಳವೆಯಲ್ಲೇ ಆಸ್ಥಾನ ವಿದುಷಿ ಜಟ್ಟಿ ತಾಯಮ್ಮನವರ ಬಳಿ ಸೇರಿ ಕಲಿತರು. ದಶಕಗಳ ಕಾಲ ಅರಮನೆಯ ನರ್ತಕಿಯಾಗಿದ್ದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಪಾಠ ಹೇಳಲು ಕರೆದದ್ದು ಅವರನ್ನೇ. 1992ರಲ್ಲಿ ಪದ್ಮಭೂಷಣ ಬಂತು. ಗುರುವಿನ ಮನೆಯಲ್ಲಿ ಕಲಿತ ವಿದ್ಯೆ ವಿಶ್ವವಿದ್ಯಾಲಯದ ಕೊಠಡಿಗೆ ಬಂದದ್ದು ಒಬ್ಬಳೇ ಹೆಣ್ಣುಮಗಳ ಒಂದೇ ಬಾಳಿನಲ್ಲಿ. ನಮ್ಮ ಜಿಲ್ಲೆಯ ಕಲಾವಂತರ ಮನೆಗಳಿಗೆ ಅಂಥ ಸೇತುವೆ ಸಿಗಲಿಲ್ಲ.

ಆ ಬಳಿಕ ಸರಕಾರ ಸಂಗೀತ, ನೃತ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳನ್ನು ನಡೆಸಿತು. ಪಠ್ಯಕ್ರಮ ಬಂತು, ನೋಟ್‌ಬುಕ್ ಬಂತು, ಸರ್ಟಿಫಿಕೇಟ್ ಬಂತು. ಸಣ್ಣ ಊರುಗಳಲ್ಲಿ ನೃತ್ಯ ಹರಡಿದ್ದು ಈ ಪರೀಕ್ಷೆಗಳ ಬಲದಿಂದ. ಮಗಳನ್ನು ಕುಣಿತಕ್ಕೆ ಕಳಿಸುತ್ತೇನೆ ಎನ್ನಲು ಹಿಂಜರಿಯುವ ಅಪ್ಪ ಸೀನಿಯರ್ ಪರೀಕ್ಷೆಗೆ ಕಟ್ಟಿಸಿದ್ದೇನೆ ಎಂದು ಧೈರ್ಯವಾಗಿ ಹೇಳುತ್ತಾನೆ. 1997ರಲ್ಲಿ ಹಾವೇರಿ ಜಿಲ್ಲಾ ಕೇಂದ್ರವಾದ ಮೇಲೆ ನೌಕರರ ಮನೆಗಳು ಹೆಚ್ಚಾದವು, ಕ್ಲಾಸುಗಳೂ ಹೆಚ್ಚಾದವು. ಹಳ್ಳಿ, ಸಣ್ಣ ಪೇಟೆಯ ಹುಡುಗಿಯರಿಗೆ ವಾರಕ್ಕೊಮ್ಮೆ, ಎರಡು ಸಲ ಬಂದು ಹೋಗುವ ಪಾಠ. ಉಳಿದದ್ದು ಮನೆಯ ಪಾಲು.

ಮನೆಯ ಪಾಲು ಎಂದರೆ ಏನು ಎಂಬುದನ್ನು ಕೂತು ನೋಡಿದರೆ ಗೊತ್ತಾಗುತ್ತದೆ. ಒಂದು ಅಡವನ್ನು ಮೂರು ಕಾಲದಲ್ಲಿ ಮಾಡಬೇಕು: ನಿಧಾನ, ಅದರ ಎರಡರಷ್ಟು, ಅದರ ಎರಡರಷ್ಟು. ಕ್ಲಾಸಿನಲ್ಲಿ ಮೇಡಂ ತಟ್ಟುಮಣೆಗೆ ಕೋಲು ಬಡಿದು ಲಯ ಹಿಡಿದಿರುತ್ತಾರೆ. ಮನೆಯಲ್ಲಿ ಲಯ ತಾನೇ ಹಿಡಿಯಬೇಕು. ಮೂರನೇ ಕಾಲಕ್ಕೆ ಬಂದಾಗ ಅರೆಮಂಡಿ ಮೇಲೇಳುತ್ತದೆ, ಮೊಳಕಾಲು ಮುಂದಕ್ಕೆ ಬೀಳುತ್ತದೆ. ತಿದ್ದುವವರಿಲ್ಲದೆ ಆರು ದಿನ ಮಾಡಿದ ತಪ್ಪು ಏಳನೇ ದಿನಕ್ಕೆ ರೂಢಿಯಾಗಿಬಿಡುತ್ತದೆ. ಟೈಲ್ಸ್ ನೆಲ ಕಾಲಿಗೆ ಬಡಿಯುತ್ತದೆ. ಹಳೆಯ ಮಣ್ಣಿನ ನೆಲ ಅಷ್ಟು ಕ್ರೂರವಲ್ಲ. ಮೆಣಸಿನಕಾಯಿ ಸೀಜನ್ನಿನಲ್ಲಿ ಬ್ಯಾಡಗಿಯ ಗಾಳಿಯಲ್ಲೇ ಕೆಂಪು ಧೂಳು. ಕಾರ ಕಮ್ಮಿ ಬಣ್ಣ ಜಾಸ್ತಿ ಎಂದು 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯೇ ಆದರೂ, ಏದುಸಿರು ಬಿಡುವ ಹುಡುಗಿಗೆ ಸೀನು ಬಂದೇ ಬರುತ್ತದೆ.

ಮೊದಲು ಕ್ಯಾಸೆಟ್ ಇತ್ತು, ಆಮೇಲೆ ಸಿಡಿ, ಈಗ ಮೇಡಂ ವಾಟ್ಸಾಪಿನಲ್ಲಿ ಕಳಿಸುವ ಧ್ವನಿ. 2020ರ ಲಾಕ್‌ಡೌನಿನಲ್ಲಿ ಕ್ಲಾಸೇ ಪಡಸಾಲೆಗೆ ಬಂತು. ಸ್ಟೀಲ್ ಡಬ್ಬಿಗೆ ಮೊಬೈಲು ಒರಗಿಸಿ, ನೆಟ್‌ವರ್ಕ್ ಹೋದಾಗ ಹೆಜ್ಜೆ ಅರ್ಧಕ್ಕೆ ನಿಲ್ಲಿಸಿ ಕಲಿತ ತಲೆಮಾರು ಇದು. ಆಗಲೇ ಎಷ್ಟೋ ಮನೆಗಳಲ್ಲಿ ಹಿರಿಯರು ಮೊದಲ ಬಾರಿ ಪಾಠ ಪೂರ್ತಿ ನೋಡಿದರು. ಕುಣಿತ ಎಂದರೆ ಇಷ್ಟು ಲೆಕ್ಕ, ಇಷ್ಟು ದಣಿವು ಎಂದು ಅವರಿಗೆ ಗೊತ್ತಾದದ್ದೂ ಆಗಲೇ.

ಹಾಲ್‌ಟಿಕೆಟಿನ ಮೇಲಿನ ಹೆಸರು

'ಗೆಜ್ಜೆಪೂಜೆ' ಎಂಬ ಪದವನ್ನೇ ನೋಡಿ. ಎಂ.ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಸಿನಿಮಾ ನೆನಪಿರುವವರಿಗೆ ಅದು ಒಬ್ಬ ಹುಡುಗಿಯ ಬದುಕಿನ ದಾರಿಗಳನ್ನೆಲ್ಲ ಮುಚ್ಚುವ ಶಾಸ್ತ್ರದ ಹೆಸರು. ಇಂದು ಹಾವೇರಿಯಲ್ಲಿ, ರ‍ಾಣೆಬೆನ್ನೂರಿನಲ್ಲಿ ಅದೇ ಹೆಸರಿನಲ್ಲಿ ಆಮಂತ್ರಣ ಪತ್ರಿಕೆ ಅಚ್ಚಾಗುತ್ತದೆ, ಬಂಧುಗಳು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಲ ಹಂತದ ಪಾಠ ಮುಗಿಸಿದ ಹುಡುಗಿ ಮೊದಲ ಬಾರಿ ಗೆಜ್ಜೆ ಕಟ್ಟುವ ದಿನ ಅದು. ಪದ ಅದೇ, ಗೆಜ್ಜೆ ಅದೇ. ನಡುವೆ ಯಾರೋ ತೆತ್ತ ಬೆಲೆ ಮಾತ್ರ ಪತ್ರಿಕೆಯಲ್ಲಿ ಇರುವುದಿಲ್ಲ.

ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ ಅವರ ಹೆಸರಿಡಲಾಗಿದೆ. ಮೊದಲು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಈಗ ನಡೆಸುವುದು ಆ ವಿಶ್ವವಿದ್ಯಾಲಯ. ಬೀದಿಯಲ್ಲಿ ನಡೆದರೆ ಹಂಗಿಸಿಕೊಂಡ ಹೆಣ್ಣುಮಗಳ ಹೆಸರು ಇಂದು ಕುಣಿಯಲು ಕಲಿಯುವ ಹುಡುಗಿಯರ ಸರ್ಟಿಫಿಕೇಟಿನ ತಲೆಯ ಮೇಲಿದೆ. ನನ್ನ ಮಟ್ಟಿಗೆ ಇದು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಹೆಸರು ಇಟ್ಟರಷ್ಟೇ ಸಾಲದು. ಅವರಂತೆ ರೈಲು ಹತ್ತಲಾಗದೆ, ಗೆಜ್ಜೆ ಪೆಟ್ಟಿಗೆಗೆ ಹಾಕಿ ಸುಮ್ಮನಾದವರ ಹೆಸರು ಯಾವ ಸರ್ಟಿಫಿಕೇಟಿನ ಮೇಲೂ ಬರುವುದಿಲ್ಲ. ಅವರ ಮೊಮ್ಮಕ್ಕಳು ನಮ್ಮ ಊರುಗಳಲ್ಲೇ ಇದ್ದಾರೆ. ಹಾವೇರಿಯ ಕ್ಲಾಸಿನಲ್ಲಿ ಅವರ ಮಕ್ಕಳೂ ಅರೆಮಂಡಿ ಹಾಕಿ ನಿಲ್ಲುವಂತಾದರೆ, ಫೀಸು ಅದಕ್ಕೆ ಅಡ್ಡಿಯಾಗದಿದ್ದರೆ, ಆಗ ಲೆಕ್ಕ ಸ್ವಲ್ಪ ಸರಿಹೋದೀತು.

ಇಷ್ಟನ್ನೂ ಒಂದು ದಿನ ಅಜ್ಜಿಗೆ, ಮೊಮ್ಮಗಳಿಗೆ ಇಬ್ಬರಿಗೂ ಕೂರಿಸಿ ಹೇಳಿದೆ. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಅವರು ಪ್ರಾಕ್ಟೀಸ್ ಬಿಟ್ಟಾಗ ಅವರಿಗೆ ಬ್ಯಾಸರ ಆಗಲಿಲ್ಲೇನು?" ಅಜ್ಜಿ ಏನೂ ಅನ್ನಲಿಲ್ಲ. ಮೊರದಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

ಮೊನ್ನೆ ಫೋನು ಮಾಡಿದಾಗ ಅಕ್ಕ ಹೇಳಿದಳು. ಈಗಲೂ ಸಂಜೆ ಅಭ್ಯಾಸದ ಹೊತ್ತಿಗೆ ಅಜ್ಜಿ ಕಿಟಕಿ ಹತ್ತಿರ ಹೋಗುತ್ತಾರಂತೆ. ಒಂದು ಬಾಗಿಲು ಹಾಕುತ್ತಾರೆ, ಇನ್ನೊಂದನ್ನು ಹಾಗೇ ಬಿಡುತ್ತಾರೆ. ಯಾಕೆ ಅಂತ ಕೇಳಿದರೆ, "ಹುಡುಗಿಗೆ ಗಾಳಿ ಬೇಕಲ್ಲ" ಅನ್ನುತ್ತಾರಂತೆ.